ಸಂಜೆ ಐದರಿಂದ ಎಂಟರವರೆಗೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಪುಟ್ಟಿಗೆ ಎರಡೂವರೆ ತುಂಬಿತು, ಇನ್ನು ನಾಲ್ಕು ವಾರಕ್ಕೆ ಎರಡನೆಯದು ಬರುತ್ತದೆ, ಮುಂದಿನ ಒಂದು ವರ್ಷ ಹೇಗಿರುತ್ತೆ ಅಂತ ಬರೆದು ಕಳಿಸು ಅಂದಿದ್ದೀಯ. ‘ಮಕ್ಕಳ ನಗುವಿನಲ್ಲಿ ಸ್ವರ್ಗವಿದೆ ಅಂತೆಲ್ಲ ಬರೀಬೇಡ, ಕೆಲಸಕ್ಕೆ ಬರೋದು ಬರಿ’ ಅಂತಲೂ ತಾಕೀತು ಮಾಡಿದ್ದೀಯ. ಸರಿ, ಸ್ವರ್ಗವನ್ನು ಪಕ್ಕಕ್ಕಿಟ್ಟು ಗಡಿಯಾರ, ಥರ್ಮಾಮೀಟರ್, ಚಮಚದ ಲೆಕ್ಕಕ್ಕೆ ಬರುತ್ತೇನೆ.

ಚಿಕ್ಕ ಮಕ್ಕಳಿರುವ ಮನೆಯ ವರ್ಷವನ್ನು ತಿಂಗಳುಗಳಲ್ಲಿ ಎಣಿಸಿದರೆ ಏನೂ ತಿಳಿಯುವುದಿಲ್ಲ, ಸಂಜೆಗಳಲ್ಲಿ ಎಣಿಸಬೇಕು. ಐದರಿಂದ ಎಂಟು ಗಂಟೆಯೊಳಗೆ ಹಸಿವು, ದಣಿವು, ಸ್ನಾನ, ಊಟ, ನಿದ್ದೆ ಎಲ್ಲವೂ ಒಂದೇ ಬಾಗಿಲಿಂದ ನುಗ್ಗುತ್ತವೆ. ಹಠ, ಕಚ್ಚುವುದು, ಎಸೆಯುವುದು, ಎಳೆಗೂಸಿನ ನಿಲ್ಲದ ಅಳು, ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ರೇಗುವುದು, ಎಲ್ಲಕ್ಕೂ ಅದೇ ಮುಹೂರ್ತ. ಆ ಹೊತ್ತಿನಲ್ಲಿ ಮಗುವನ್ನು ತಿದ್ದಲು ಹೋದವರು ಸೋಲುತ್ತಾರೆ. ಮಧ್ಯಾಹ್ನವೇ ದಿನವನ್ನು ತಿದ್ದಿಟ್ಟುಕೊಂಡವರಿಗೆ ಸಂಜೆ ಸ್ವಲ್ಪ ಉಸಿರಾಡಲು ಸಿಗುತ್ತದೆ.

ನಿದ್ದೆಯಿಂದ ಶುರುಮಾಡೋಣ, ಉಳಿದದ್ದೆಲ್ಲ ಅದಕ್ಕೇ ಜೋತುಬಿದ್ದಿದೆ. ಒಂದರಿಂದ ಎರಡು ವರ್ಷದ ಮಗುವಿಗೆ 24 ಗಂಟೆಯಲ್ಲಿ 11ರಿಂದ 14 ಗಂಟೆ ನಿದ್ದೆ ಬೇಕು, ಮೂರರಿಂದ ಐದು ವರ್ಷದವರಿಗೆ 10ರಿಂದ 13 ಗಂಟೆ; ಹಗಲ ನಿದ್ದೆಯೂ ಇದರಲ್ಲೇ ಸೇರಿದೆ. ಪುಟ್ಟಿ ಎರಡರ ನಡುವೆ ಇದ್ದಾಳೆ, 12 ಗಂಟೆ ಅಂತಿಟ್ಟುಕೋ. ಬೆಳಗ್ಗೆ 6:30ಕ್ಕೆ ಏಳುವವಳು ಮಧ್ಯಾಹ್ನ ಒಂದೂವರೆ ಗಂಟೆ ಮಲಗಿದರೆ ರಾತ್ರಿ 8ಕ್ಕೆ ಕಣ್ಣು ಮುಚ್ಚಬೇಕು. ಹಾಗೆಂದರೆ 7:30ಕ್ಕೇ ಮಲಗುವ ಕೆಲಸ ಶುರುವಾಗಬೇಕು. ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ‘ಇನ್ನೂ ಚೆನ್ನಾಗಿ ಆಡ್ತಿದಾಳೆ, ನಿದ್ದೆ ಬಂದಿಲ್ಲ’ ಅಂತ ಬಿಡುತ್ತಾರೆ. ನಿದ್ದೆಯ ಹೊತ್ತು ಮೀರಿದ ಮಗು ತೂಕಡಿಸುವುದಿಲ್ಲ, ಕುಣಿಯುತ್ತದೆ. ಸೋಫಾದಿಂದ ಸೋಫಾಕ್ಕೆ ಹಾರುವುದು, ಕಾರಣವಿಲ್ಲದೆ ಕೀರುವುದು, ಸಣ್ಣದಕ್ಕೂ ಬಿಕ್ಕುವುದು ಇವೆಲ್ಲ ದಣಿವಿನ ಮುಖಗಳು. ಕಣ್ಣುಜ್ಜುವುದು, ಕಿವಿ ಎಳೆದುಕೊಳ್ಳುವುದು, ಆಟದ ನಡುವೆ ಸುಮ್ಮನೆ ಒಂದು ಕಡೆ ನೋಡುತ್ತ ಕೂರುವುದು ಕಂಡಾಗಲೇ ದೀಪ ತಗ್ಗಿಸಿಬಿಡು.

ಮಲಗುವ ಕೆಲಸಕ್ಕೆ 30 ನಿಮಿಷ ಸಾಕು, ಆದರೆ ಕ್ರಮ ದಿನಾ ಒಂದೇ ಇರಲಿ. ಸ್ನಾನ, ರಾತ್ರಿ ಬಟ್ಟೆ, ಹಲ್ಲು, ಸುಸ್ಸು, ಒಂದು ಗುಟುಕು ನೀರು, ಎರಡು ಪುಸ್ತಕ, ದೀಪ. ಗಡಿಯಾರ ನೋಡಲು ಬಾರದ ಮಗು ಈ ಸಾಲನ್ನೇ ಗಡಿಯಾರ ಮಾಡಿಕೊಳ್ಳುತ್ತದೆ. ಪ್ರಯಾಣದಲ್ಲಿ, ಬೇರೆ ಮನೆಯಲ್ಲಿ, ಹೊತ್ತು ತಪ್ಪಿದ ದಿನದಲ್ಲೂ ಸಾಲು ಹಾಗೇ ಇದ್ದರೆ ನಿದ್ದೆ ಬರುತ್ತದೆ. ದೀಪ ಆರಿಸಿದ ಮೇಲೆ ‘ನೀರು’, ‘ಸುಸ್ಸು’, ‘ಇನ್ನೊಂದು ಪುಸ್ತಕ’ ಅಂತ ಬೇಡಿಕೆಗಳು ಬಂದೇ ಬರುತ್ತವೆ. ಬರುವವನ್ನೆಲ್ಲ ಮೊದಲೇ ಸಾಲಿನೊಳಗೆ ಸೇರಿಸಿಬಿಟ್ಟರೆ ಕೇಳಲು ಏನೂ ಉಳಿಯುವುದಿಲ್ಲ. ಈಗ ಅವಳು ಹತ್ತಕ್ಕೆ ಮಲಗುತ್ತಿದ್ದರೆ ಒಂದೇ ದಿನದಲ್ಲಿ ಎಂಟಕ್ಕೆ ತರಲು ಹೋಗಬೇಡ. ಎರಡು ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ಸರಿಸು, ಬೆಳಗ್ಗೆ ಏಳಿಸುವ ಹೊತ್ತನ್ನೂ ಅಷ್ಟೇ ಸರಿಸು. ಬೆಳಗು ಸರಿಯದೆ ರಾತ್ರಿ ಸರಿಯುವುದಿಲ್ಲ. ಮಧ್ಯಾಹ್ನದ ನಿದ್ದೆಯನ್ನು ಮೂರೂವರೆಯ ಆಚೆಗೆ ಎಳೆಯಲು ಬಿಡಬೇಡ. ಮೂರರಿಂದ ಐದರ ನಡುವೆ ಎಂದಾದರೂ ಆ ನಿದ್ದೆ ತಾನೇ ಬಿಟ್ಟುಹೋಗುತ್ತದೆ, ಆಗ ರಾತ್ರಿಯ ಹೊತ್ತನ್ನು ಒಂದು ಗಂಟೆ ಮುಂಚೆ ತರಬೇಕು. ಅದು ಯಾರಿಗೂ ನೆನಪಿರುವುದಿಲ್ಲ.

ಈ ವಯಸ್ಸಿನಲ್ಲಿ ಒಂದು ವಿಚಿತ್ರ ಕಾಣಬಹುದು. ಮಲಗಿ ಒಂದೆರಡು ಗಂಟೆಯಾದ ಮೇಲೆ ಮಗು ದಡಕ್ಕನೆ ಎದ್ದು ಕೂತು, ಕಣ್ಣು ತೆರೆದೇ ಚೀರುತ್ತದೆ, ನಿನ್ನನ್ನು ಗುರುತು ಹಿಡಿಯುವುದಿಲ್ಲ, ಮುಟ್ಟಿದರೆ ಇನ್ನೂ ಒದರುತ್ತದೆ. ಅದು ಕೆಟ್ಟ ಕನಸಲ್ಲ, ಗಾಢ ನಿದ್ದೆಯಿಂದ ಅರ್ಧ ಮಾತ್ರ ಎದ್ದ ಸ್ಥಿತಿ. ಎಬ್ಬಿಸಬೇಡ, ಬೀಳದಂತೆ ಪಕ್ಕದಲ್ಲಿ ಕೂತಿರು, ಕೆಲವು ನಿಮಿಷದಲ್ಲಿ ತಾನೇ ಮಲಗುತ್ತದೆ, ಬೆಳಗ್ಗೆ ಏನೂ ನೆನಪಿರುವುದಿಲ್ಲ. ಕೆಟ್ಟ ಕನಸು ಬೀಳುವುದು ಹೆಚ್ಚಾಗಿ ಬೆಳಗಿನ ಜಾವ. ಆಗ ಮಗು ಪೂರ್ತಿ ಎಚ್ಚರಾಗಿ ಅಪ್ಪಿಕೊಳ್ಳುತ್ತದೆ, ಎತ್ತಿಕೊಂಡು ಸಮಾಧಾನ ಮಾಡಬೇಕು. ಮೊದಲನೆಯದು ಪದೇ ಪದೇ ಬಂದರೆ ಆ ವಾರದ ನಿದ್ದೆಯ ಲೆಕ್ಕ ನೋಡು, ಸಾಮಾನ್ಯವಾಗಿ ಕಡಿಮೆ ಬಿದ್ದಿರುತ್ತದೆ.

ಈಗ ಕೂಸಿಗೆ ಬರೋಣ. ಮೊದಲ ವಾರಗಳಲ್ಲಿ ದಿನಕ್ಕೆ 8ರಿಂದ 12 ಸಲ ಹಾಲು. ಹುಟ್ಟಿದ ಕೆಲವು ದಿನ ತೂಕ ಇಳಿಯುತ್ತದೆ, ನೂರಕ್ಕೆ ಏಳರವರೆಗೆ ಇಳಿದರೆ ಗಾಬರಿ ಬೇಡ, ಹತ್ತು ಮುಟ್ಟಿದರೆ ವೈದ್ಯರು ನೋಡಬೇಕು. ಎರಡು ವಾರದೊಳಗೆ ಹುಟ್ಟಿದ ತೂಕ ಮರಳಬೇಕು. ಹಾಲು ಸಾಲುತ್ತಿದೆಯೋ ಇಲ್ಲವೋ ಎಂದು ಅಳು ನೋಡಿ ತೀರ್ಮಾನಿಸಬೇಡಿ, ಡೈಪರ್ ಎಣಿಸಿ: ಐದನೇ ದಿನದ ನಂತರ ದಿನಕ್ಕೆ ಆರಾದರೂ ಒದ್ದೆಯಾಗಬೇಕು. ಮಲಗಿಸುವುದು ಯಾವಾಗಲೂ ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ. ಒಂದು ವರ್ಷದವರೆಗೆ ದಿಂಬು, ಹೊದಿಕೆ, ಮೆತ್ತನೆ ಗೊಂಬೆ ಯಾವುದೂ ಪಕ್ಕದಲ್ಲಿ ಬೇಡ. ತೊಟ್ಟಿಲ ಸುತ್ತ ಕಟ್ಟುವ ಅಂದದ ಮೆತ್ತೆಯೂ ಬೇಡ, ಅದು ಅಂದಕ್ಕೆ ಇದೆ, ಉಸಿರಿಗಲ್ಲ. ಎಲ್ಲಕ್ಕಿಂತ ಅಪಾಯ, ಸೋಫಾದ ಮೇಲೆ ಕೂಸನ್ನು ಎದೆಗೊರಗಿಸಿಕೊಂಡು ನೀನೇ ನಿದ್ದೆ ಹೋಗುವುದು. ರಾತ್ರಿ ಮೂರು ಗಂಟೆಗೆ ಕಣ್ಣು ಎಳೆಯುತ್ತಿದೆ ಅನಿಸಿದ ಕೂಡಲೇ ಕೂಸನ್ನು ಅದರ ಜಾಗದಲ್ಲಿ ಇಡು, ಅತ್ತರೂ ಸರಿ.

ಅಳು ಎರಡನೇ ವಾರದಿಂದ ಏರುತ್ತ ಹೋಗಿ ಆರನೇ ವಾರದ ಸುಮಾರಿಗೆ ತುತ್ತತುದಿ ಮುಟ್ಟುತ್ತದೆ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಹೆಚ್ಚಿನದು ಅದೇ ಐದರ ನಂತರದ ಸಂಜೆಯಲ್ಲಿ. ಹಸಿವು, ಒದ್ದೆ, ಸೆಕೆ, ಚಳಿ, ಬೆರಳಿಗೆ ಸುತ್ತಿಕೊಂಡ ಕೂದಲೆಳೆ, ಜ್ವರ, ಇಷ್ಟನ್ನು ನೋಡಿ ಏನೂ ಇಲ್ಲವೆಂದಾದರೆ ಅದು ಆ ವಯಸ್ಸಿನ ಅಳು ಅಷ್ಟೆ. ಕೈ ಬದಲಿಸಿ, ಓಡಾಡಿ, ಹೊರಗಿನ ಗಾಳಿ ತೋರಿಸಿ. ಸಹಿಸಲಾಗದ ಹೊತ್ತಿನಲ್ಲಿ ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲು ಮುಂದೆ ಮಾಡಿ, ಹತ್ತು ನಿಮಿಷ ಬೇರೆ ಕೋಣೆಯಲ್ಲಿ ಕೂತು ಬಾ. ಹತ್ತು ನಿಮಿಷದ ಅಳುವಿನಿಂದ ಕೂಸಿಗೆ ಏನೂ ಆಗದು. ಸಿಟ್ಟಿನಲ್ಲಿ ಒಂದೇ ಸಲ ಜೋರಾಗಿ ಅಲುಗಿಸಿದರೂ ಮಿದುಳಿನಲ್ಲಿ ರಕ್ತ ಒಸರಬಹುದು. ಮನೆಯಲ್ಲಿ ಕೂಸನ್ನು ಎತ್ತಿಕೊಳ್ಳುವ ಪ್ರತಿಯೊಬ್ಬರಿಗೂ ಇದನ್ನು ಬಾಯಿಬಿಟ್ಟು ಹೇಳು, ಸಂಕೋಚ ಬೇಡ.

ನಿಮ್ಮಿಬ್ಬರ ನಿದ್ದೆಯನ್ನು ಗಂಟೆಯ ಲೆಕ್ಕದಲ್ಲಿ ಹಂಚಿಕೊಳ್ಳಿ. ಇಬ್ಬರೂ ಪ್ರತಿ ಸಲ ಏಳುವುದೆಂದರೆ ಇಬ್ಬರೂ ಹಾಳಾಗುವುದು. ಒಬ್ಬರು ರಾತ್ರಿ ಒಂಬತ್ತರಿಂದ ಎರಡು, ಇನ್ನೊಬ್ಬರು ಎರಡರಿಂದ ಏಳು. ಎದೆಹಾಲು ಕುಡಿಯುವ ಕೂಸಾದರೆ ನಿನ್ನಾಕೆ ಏಳಲೇಬೇಕು ನಿಜ, ಆದರೆ ಅವಳ ಕೆಲಸ ಹಾಲು ಕೊಡುವುದಷ್ಟಕ್ಕೇ ನಿಲ್ಲಲಿ. ಕೂಸನ್ನು ತಂದುಕೊಡುವುದು, ತೇಗು ಬರಿಸುವುದು, ಡೈಪರ್ ಬದಲಿಸುವುದು, ಮತ್ತೆ ಮಲಗಿಸುವುದು ನಿನ್ನದು. ಇಷ್ಟರಿಂದಲೇ ಅವಳಿಗೆ ಪ್ರತಿ ಸಲ ಅರ್ಧ ಗಂಟೆ ಉಳಿಯುತ್ತದೆ. ಹೆರಿಗೆಯ ಮೊದಲ ಎರಡು ವಾರ ಕಾರಣವಿಲ್ಲದೆ ಕಣ್ಣು ತುಂಬುವುದು ಸಾಮಾನ್ಯ. ಎರಡು ವಾರ ದಾಟಿದ ಮೇಲೂ ಮಂಕು, ಕೂಸು ಮಲಗಿದಾಗಲೂ ನಿದ್ದೆ ಬಾರದಿರುವುದು, ‘ನಾನು ಇಲ್ಲದಿದ್ದರೇ ಒಳ್ಳೆಯದಿತ್ತು’ ಎಂಬಂಥ ಮಾತು ಬಂದರೆ ಅದು ಕಾಯಿಲೆ, ಚಿಕಿತ್ಸೆ ಇದೆ, ತಡಮಾಡಬಾರದು. ಅದು ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಬರಬಹುದು, ಅಪ್ಪಂದಿರಿಗೂ ಬರುತ್ತದೆ.

ಪುಟ್ಟಿಯ ವಿಷಯ. ಕೂಸು ಬಂದ ಮೇಲೆ ಅವಳು ಹಿಂದಕ್ಕೆ ಹೋಗುತ್ತಾಳೆ: ಬಿಟ್ಟಿದ್ದ ಬಾಟಲಿ ಕೇಳುತ್ತಾಳೆ, ಚಡ್ಡಿ ಒದ್ದೆ ಮಾಡುತ್ತಾಳೆ, ಎತ್ತಿಕೋ ಎನ್ನುತ್ತಾಳೆ. ಇದು ನಾಟಕವಲ್ಲ, ತನ್ನ ಜಾಗ ಇನ್ನೂ ಇದೆಯೇ ಎಂದು ತಡವಿ ನೋಡುವುದು. ಹೊಸ ಹಾಸಿಗೆ, ಹೊಸ ಕೋಣೆ, ಶಿಶುವಿಹಾರ, ಡೈಪರ್ ಬಿಡಿಸುವುದು, ಇಂಥ ದೊಡ್ಡ ಬದಲಾವಣೆ ಯಾವುದನ್ನೂ ಹೆರಿಗೆಯ ಹಿಂದೆ ಮುಂದೆ ಎರಡೆರಡು ತಿಂಗಳು ಇಟ್ಟುಕೊಳ್ಳಬೇಡ. ಈಗಾಗಲೇ ನಾಲ್ಕೇ ವಾರ ಉಳಿದಿರುವುದರಿಂದ ತೊಟ್ಟಿಲು ಬಿಡಿಸುವ ಯೋಚನೆ ಇದ್ದರೆ ಕೈಬಿಡು. ಹಾಲು ಕೊಡುವ ಹೊತ್ತೇ ಅವಳಿಗೆ ಕಿರಿಕಿರಿಯ ಹೊತ್ತು, ಅಮ್ಮನ ಎರಡೂ ಕೈ ಕಟ್ಟಿಹೋಗಿರುತ್ತವಲ್ಲ. ಆಗ ಮಾತ್ರ ಹೊರಗೆ ಬರುವ ಒಂದು ಪೆಟ್ಟಿಗೆ ಮಾಡಿಡು: ನಾಲ್ಕಾರು ಪುಸ್ತಕ, ಬಣ್ಣದ ಕಡ್ಡಿ, ಅಂಟಿಸುವ ಚಿತ್ರ. ಹಾಲು ಮುಗಿದೊಡನೆ ಪೆಟ್ಟಿಗೆ ಮೇಲಕ್ಕೆ. ವಾರಕ್ಕೊಮ್ಮೆ ಎರಡು ಸಾಮಾನು ಬದಲಿಸದಿದ್ದರೆ ಹತ್ತನೇ ದಿನಕ್ಕೆ ಅದರ ಬೆಲೆ ಹೋಗುತ್ತದೆ.

ಬಾಯಿಮಾತಿನಲ್ಲೂ ಎಚ್ಚರ ಬೇಕು. ‘ಕೂಸು ಮಲಗಿದೆ, ಗಲಾಟೆ ಮಾಡಬೇಡ’, ‘ಕೂಸಿಗೆ ಹಾಲು ಕೊಡ್ತಿದೀನಿ, ಆಮೇಲೆ’ ಅಂತ ದಿನಕ್ಕೆ ಮೂವತ್ತು ಸಲ ಹೇಳಿದರೆ ತನ್ನ ಎಲ್ಲ ಇಲ್ಲಗಳಿಗೂ ಕೂಸೇ ಕಾರಣ ಎಂದು ಅವಳು ಕಲಿಯುತ್ತಾಳೆ. ‘ನನ್ನ ಕೈ ಖಾಲಿಯಾಗಲಿ, ಬರ್ತೀನಿ’ ಅನ್ನು. ಆಗಾಗ ಅವಳಿಗೆ ಕೇಳಿಸುವಂತೆ ಕೂಸಿಗೂ ಹೇಳು: ‘ಸ್ವಲ್ಪ ತಾಳು, ಈಗ ಅಕ್ಕನ ಸರದಿ.’ ಕೂಸಿಗೆ ಅರ್ಥವಾಗುವುದಿಲ್ಲ, ಅರ್ಥವಾಗಬೇಕಾದವಳಿಗೆ ಆಗುತ್ತದೆ. ದಿನಕ್ಕೆ 15 ನಿಮಿಷ ಫೋನಿಲ್ಲದೆ, ಕೂಸಿಲ್ಲದೆ ಅವಳೊಬ್ಬಳ ಜೊತೆ ನೆಲದ ಮೇಲೆ ಕೂರು, ಆಟ ಅವಳು ಹೇಳಿದ್ದು. ಸಂಜೆ ಐದಕ್ಕೆ ಮುಂಚೆ ಇದು ಮುಗಿದಿದ್ದರೆ ಮುಂದಿನ ಮೂರು ಗಂಟೆ ಹಗುರ. ಎಷ್ಟೇ ಮುದ್ದಾಗಿ ಕಂಡರೂ ಇಬ್ಬರನ್ನೇ ಕೋಣೆಯಲ್ಲಿ ಬಿಟ್ಟು ಹೋಗಬೇಡ. ಎರಡೂವರೆಯ ಅಕ್ಕರೆಗೂ ತೂಕವಿದೆ.

ಊಟ. ‘ಏನೂ ತಿನ್ನಲ್ಲ’ ಎನ್ನುವ ದೂರಿನ ಹಿಂದೆ ಒಂದು ಸರಳ ಲೆಕ್ಕ ಇದೆ. ಮೊದಲ ವರ್ಷದಲ್ಲಿ ಮಗು ಸುಮಾರು 25 ಸೆಂಟಿಮೀಟರ್ ಬೆಳೆಯುತ್ತದೆ, ಹುಟ್ಟಿದಾಗ 3 ಕಿಲೋ ಇದ್ದದ್ದು ವರ್ಷಕ್ಕೆ 9 ಕಿಲೋ ಆಗುತ್ತದೆ. ಎರಡನೇ ವರ್ಷದಲ್ಲಿ ಸುಮಾರು 12 ಸೆಂಟಿಮೀಟರ್, ಎರಡೂವರೆ ಕಿಲೋದಷ್ಟು. ಆಮೇಲೆ ವರ್ಷಕ್ಕೆ 6ರಿಂದ 8 ಸೆಂಟಿಮೀಟರ್, ಎರಡು ಕಿಲೋ ಚಿಲ್ಲರೆ. ಬೆಳವಣಿಗೆ ಹೀಗೆ ನಿಧಾನವಾದಾಗ ಹಸಿವೂ ತಗ್ಗುತ್ತದೆ. ತಗ್ಗದಿರುವುದು ನಾವು ಬಡಿಸುವ ಅಳತೆ ಮಾತ್ರ. ದೊಡ್ಡವರ ಪಾಲಿನ ಕಾಲುಭಾಗದಿಂದ ಶುರುಮಾಡು, ಬೇಕಾದರೆ ಮತ್ತೆ ಕೇಳಲಿ. ಏನು, ಯಾವಾಗ, ಎಲ್ಲಿ ಎನ್ನುವುದು ನಿನ್ನ ತೀರ್ಮಾನ. ಎಷ್ಟು ಎನ್ನುವುದು ಅವಳದ್ದು. ಇದನ್ನು ಕಲಸುಮೇಲೋಗರ ಮಾಡಿಕೊಂಡವರ ಮನೆಯಲ್ಲಿ ಮಗುವೇ ಅಡುಗೆಯ ಪಟ್ಟಿ ಹೇಳುತ್ತದೆ, ದೊಡ್ಡವರು ತುತ್ತು ಹಿಡಿದು ಹಿಂದೆ ಓಡುತ್ತಾರೆ.

ಮೂರು ಊಟ, ನಡುವೆ ಎರಡು ತಿಂಡಿ, ಒಂದರಿಂದ ಒಂದಕ್ಕೆ ಎರಡೂವರೆ ಮೂರು ಗಂಟೆ ಅಂತರ, ನಡುವೆ ನೀರು ಮಾತ್ರ. ಒಂದು ಊಟಕ್ಕೆ 20ರಿಂದ 30 ನಿಮಿಷ, ಆಮೇಲೆ ತಟ್ಟೆ ಎತ್ತಿಬಿಡು, ಮುಖ ಸಿಂಡರಿಸಬೇಡ. ಹೊಸ ಪದಾರ್ಥ ಒಗ್ಗಲು ಹತ್ತು ಹದಿನೈದು ಸಲ ತಟ್ಟೆಯಲ್ಲಿ ಕಾಣಿಸಬೇಕಾಗಬಹುದು. ಮೂರನೇ ಸಲಕ್ಕೇ ‘ಅವಳಿಗೆ ಇಷ್ಟ ಇಲ್ಲ’ ಎಂದು ಮುಚ್ಚಳ ಹಾಕುವವರೇ ಹೆಚ್ಚು. ಹಸಿವು ಸಾಯುವ ಗುಪ್ತ ಕಾರಣ ಹಾಲು. ದಿನಕ್ಕೆ 500 ಮಿಲಿ ಸಾಕು. ಅದಕ್ಕೂ ಬಹಳ ಮೀರಿದರೆ ಹೊಟ್ಟೆ ತುಂಬಿ ಊಟ ಹಿಂದೆ ಬೀಳುತ್ತದೆ, ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ರಕ್ತಹೀನತೆ ಬರುತ್ತದೆ, ರಕ್ತಹೀನತೆಯಿಂದ ಹಸಿವು ಇನ್ನೂ ಇಳಿಯುತ್ತದೆ. ಮತ್ತೆ ಮನೆಯವರು ‘ಊಟ ಮಾಡಿಲ್ಲ ಪಾಪ’ ಅಂತ ಇನ್ನೊಂದು ಲೋಟ ಹಾಲು ಕೊಡುತ್ತಾರೆ. ಈ ಸುಳಿಯನ್ನು ಎಷ್ಟೋ ಮನೆಗಳಲ್ಲಿ ಯಾರೂ ಗುರುತಿಸುವುದೇ ಇಲ್ಲ. ಸಂಜೆಯ ಹಠಕ್ಕೂ ಇದಕ್ಕೂ ನೇರ ಸಂಬಂಧವಿದೆ: ನಾಲ್ಕೂವರೆಗೆ ಗಟ್ಟಿಯಾದ ತಿಂಡಿ ಬಿದ್ದರೆ ಆರು ಗಂಟೆಯ ರಂಪ ಅರ್ಧಕ್ಕಿಳಿಯುತ್ತದೆ.

ಕೂಸಿಗೆ ಆರು ತಿಂಗಳು ತುಂಬಿದಾಗ ಮೆತ್ತನೆಯ ಆಹಾರ ಶುರು. ಹುಟ್ಟುವಾಗ ತಂದುಕೊಂಡ ಕಬ್ಬಿಣದ ದಾಸ್ತಾನು ಆ ಹೊತ್ತಿಗೆ ಕರಗಿರುತ್ತದೆ, ಹಾಗಾಗಿ ಮೊದಲ ತುತ್ತುಗಳಲ್ಲೇ ಕಾಳು, ಮೊಟ್ಟೆ, ಮಾಂಸ ಇಂಥದ್ದು ಇರಲಿ. ಬರೀ ಹಣ್ಣಿನ ತಿಳಿ, ಅನ್ನದ ತಿಳಿ ಸಾಲದು. ಚಮಚದಿಂದ ಜಾರಿ ಸುರಿಯುವಷ್ಟು ತೆಳ್ಳಗೆ ಬೇಡ, ಓರೆ ಮಾಡಿದರೂ ಚಮಚದಲ್ಲಿ ನಿಲ್ಲುವಷ್ಟು ದಪ್ಪ ಬೇಕು. ಎರಡು ಮೂರು ಚಮಚದಿಂದ ಶುರುವಾಗಿ, 6ರಿಂದ 8 ತಿಂಗಳಿನಲ್ಲಿ ದಿನಕ್ಕೆ ಎರಡು ಮೂರು ಸಲ, 9 ತಿಂಗಳಿನಿಂದ ಮೂರು ನಾಲ್ಕು ಸಲ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ನಾಲಿಗೆಗೆ ಸವರುವಷ್ಟೂ ಕೂಡದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಮೊಳೆತು ನರಗಳನ್ನು ಸೋಲಿಸುವ ವಿಷ ಬಿಡುತ್ತವೆ. ಓಕರಿಸುವುದಕ್ಕೂ ಗಂಟಲು ಕಟ್ಟುವುದಕ್ಕೂ ವ್ಯತ್ಯಾಸ ತಿಳಿದಿರಲಿ: ಓಕರಿಸುವಾಗ ಸದ್ದಿರುತ್ತದೆ, ಮುಖ ಕೆಂಪಗಿರುತ್ತದೆ, ಸುಮ್ಮನೆ ನೋಡುತ್ತಿರು. ಗಂಟಲು ಕಟ್ಟಿದರೆ ಸದ್ದೇ ಇರುವುದಿಲ್ಲ. ಆಗ ವರ್ಷದೊಳಗಿನ ಕೂಸನ್ನು ತೊಡೆಯ ಮೇಲೆ ತಲೆ ತಗ್ಗಿಸಿ ಬೋರಲು ಮಲಗಿಸಿ ಬೆನ್ನಿನ ಮೇಲೆ, ಹೆಗಲೆಲುಬುಗಳ ನಡುವೆ, ಅಂಗೈಯ ಬುಡದಿಂದ 5 ಪೆಟ್ಟು. ಹೋಗದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಸಲ ಒತ್ತು. ವಸ್ತು ಬರುವವರೆಗೆ ಹೀಗೇ ಸರದಿ. ಅಷ್ಟರಲ್ಲಿ ಇನ್ನೊಬ್ಬರು ಆಂಬುಲೆನ್ಸ್‌ಗೆ ಕರೆ ಮಾಡಲಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ತೂರಿಸಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಇದನ್ನು ಓದಿ ಕಲಿಯುವುದಕ್ಕಿಂತ ಒಂದು ದಿನದ ಪ್ರಥಮ ಚಿಕಿತ್ಸೆಯ ತರಗತಿಗೆ ಇಬ್ಬರೂ ಹೋಗಿಬನ್ನಿ. ಪುಟ್ಟಿಗೂ ಐದು ವರ್ಷದವರೆಗೆ ದ್ರಾಕ್ಷಿಯನ್ನು ಉದ್ದುದ್ದ ನಾಲ್ಕು ಹೋಳು ಮಾಡಿಯೇ ಕೊಡಬೇಕು, ಅಡ್ಡಡ್ಡ ಕೊಯ್ದರೆ ಶ್ವಾಸನಾಳಕ್ಕೆ ಬಿರಡೆಯಂತೆ ಕೂರುತ್ತದೆ.

ಇನ್ನು ಕಾಯಿಲೆ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ನೆಗಡಿ ಬರುವುದು ಸಹಜ, ಶಿಶುವಿಹಾರಕ್ಕೆ ಹೋಗುವವರಿಗೆ ಇನ್ನೂ ಹೆಚ್ಚು. ಒಂದೊಂದರ ಕೆಮ್ಮೂ ಎರಡು ವಾರ ಎಳೆಯಬಹುದು. ಗುಣಿಸಿ ನೋಡು: ವರ್ಷದ ಮೂರು ನಾಲ್ಕು ತಿಂಗಳು ಮನೆಯಲ್ಲಿ ಒಂದು ಮೂಗು ಸೋರುತ್ತಲೇ ಇರುತ್ತದೆ. ‘ಇವಳಿಗೆ ಶಕ್ತಿಯೇ ಇಲ್ಲ’ ಎಂದು ಟಾನಿಕ್ ಹುಡುಕುವ ಮುಂಚೆ ಈ ಲೆಕ್ಕ ನೆನಪಿಸಿಕೋ. ಮೂಗಿಗೆ ಉಪ್ಪುನೀರಿನ ಹನಿ, ಪುಟ್ಟಿಗೆ ಮಲಗುವ ಮುಂಚೆ ಅರ್ಧದಿಂದ ಒಂದು ಚಮಚ ಜೇನು ಸಾಕು (ಆ ಚಮಚ ಕೂಸಿನ ಬಾಯಿಗೆ ಹೋಗದಿರಲಿ). ನಾಲ್ಕು ವರ್ಷದೊಳಗೆ ಅಂಗಡಿಯ ಕೆಮ್ಮು ನೆಗಡಿ ಸಿರಪ್ ಬೇಡ. ಥರ್ಮಾಮೀಟರಿಗಿಂತ ಉಸಿರು ಮುಖ್ಯ. ಮಗು ಅಳದೆ ಶಾಂತವಾಗಿದ್ದಾಗ ಒಂದು ನಿಮಿಷ ಪೂರ್ತಿ ಎಣಿಸು: ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಒಂದರಿಂದ ಐದು ವರ್ಷಕ್ಕೆ 40, ಇವು ಅಥವಾ ಇದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಉಸಿರೆಳೆವಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ ಕಾಯದೆ ಆಸ್ಪತ್ರೆಗೆ.

ಜ್ವರದ ಗೆರೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್. ಮೂರು ತಿಂಗಳೊಳಗಿನ ಕೂಸಿಗೆ ಈ ಗೆರೆ ಮುಟ್ಟಿದರೆ ಅದೇ ತುರ್ತು. ಮನೆಯಲ್ಲಿ ಔಷಧಿ ಕೊಟ್ಟು ನೋಡುವುದಲ್ಲ, ಹೊರಡುವುದು. ಪುಟ್ಟಿಗಾದರೆ ಅಂಕಿಗಿಂತ ಅವಳ ಲವಲವಿಕೆ ಮುಖ್ಯ: 39 ಇದ್ದೂ ಆಡುತ್ತಿರುವ ಮಗುವಿಗಿಂತ 38.2ರಲ್ಲಿ ಜೋತುಬಿದ್ದು ನೀರೂ ಕುಡಿಯದ ಮಗು ಹೆಚ್ಚು ಚಿಂತೆಯದು. ಪ್ಯಾರಸಿಟಮಾಲ್ ಕೊಡುವುದು ವಯಸ್ಸು ನೋಡಿ ಅಲ್ಲ, ತೂಕ ನೋಡಿ. ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ, ಎರಡು ಸಲಗಳ ನಡುವೆ 4ರಿಂದ 6 ಗಂಟೆ, ದಿನಕ್ಕೆ ನಾಲ್ಕು ಸಲ ಮೀರಬಾರದು. ತಪ್ಪಾಗುವುದು ಬಾಟಲಿಯಲ್ಲಿ. 5 ಮಿಲಿಯಲ್ಲಿ 120 ಮಿಲಿಗ್ರಾಂ ಇರುವ ಸಿರಪ್ಪೂ ಇದೆ, 250 ಮಿಲಿಗ್ರಾಂ ಇರುವುದೂ ಇದೆ. 12 ಕಿಲೋ ಮಗುವಿಗೆ ಕಿಲೋಗೆ 15ರಂತೆ 180 ಮಿಲಿಗ್ರಾಂ. ಮೊದಲನೆಯದರಲ್ಲಿ ಅದು 7.5 ಮಿಲಿ, ಎರಡನೆಯದರಲ್ಲಿ 3.6 ಮಿಲಿ. ಬಾಟಲಿ ಬದಲಾದದ್ದು ಗೊತ್ತಾಗದೆ ಹಳೇ ಅಳತೆಯೇ ಕೊಟ್ಟರೆ ದುಪ್ಪಟ್ಟಿಗಿಂತ ಹೆಚ್ಚು ಹೋಗುತ್ತದೆ. ಅಡುಗೆಮನೆಯ ಚಮಚ ಬೇಡ, ಸಿರಿಂಜ್ ಬಳಸು. ಕೊಟ್ಟ ಹೊತ್ತನ್ನು ಬಾಟಲಿಗೆ ಅಂಟಿಸಿದ ಚೀಟಿಯಲ್ಲೇ ಬರೆ, ಇಲ್ಲವಾದರೆ ಅಪ್ಪ ಕೊಟ್ಟದ್ದು ಅಮ್ಮನಿಗೆ ಗೊತ್ತಿರುವುದಿಲ್ಲ. ಹದಿನಾರರೊಳಗಿನವರಿಗೆ ವೈದ್ಯರು ಹೇಳದೆ ಆಸ್ಪಿರಿನ್ ಕೊಡುವಂತಿಲ್ಲ. ಜ್ವರ ಏರುವಾಗ ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸು, ಬಾಯಿಗೆ ಏನೂ ಇಡಬೇಡ, ಗಡಿಯಾರ ನೋಡು. ಐದು ನಿಮಿಷ ದಾಟಿದರೆ ಆಂಬುಲೆನ್ಸ್, ಬೇಗ ನಿಂತರೂ ಮೊದಲ ಸಲವಾದರೆ ಅದೇ ದಿನ ವೈದ್ಯರ ಹತ್ತಿರ.

ವಾಂತಿ ಭೇದಿಗೆ ಓಆರ್‌ಎಸ್. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಹಾಕು. ಅರ್ಧ ಲೋಟಕ್ಕೆ ‘ಸ್ವಲ್ಪ’ ಪುಡಿ ಉದುರಿಸಿದರೆ ಉಪ್ಪು ಹೆಚ್ಚಾಗಿ ಕೆಡುಕೇ ಆಗುತ್ತದೆ. ಪ್ರತಿ ಭೇದಿಗೆ ಎರಡು ವರ್ಷದೊಳಗೆ 50ರಿಂದ 100 ಮಿಲಿ, ಮೇಲ್ಪಟ್ಟವರಿಗೆ 100ರಿಂದ 200. ವಾಂತಿಯಾದರೆ 10 ನಿಮಿಷ ಬಿಟ್ಟು, ಒಂದೆರಡು ನಿಮಿಷಕ್ಕೊಂದು ಚಮಚ. ಬಾಯಾರಿದೆ ಎಂದು ಒಂದೇ ಉಸಿರಿಗೆ ಕುಡಿಸಿದರೆ ಎಲ್ಲವೂ ಆಚೆ. ಕರಗಿಸಿದ್ದನ್ನು 24 ಗಂಟೆ ಮೇಲೆ ಇಡಬೇಡ. ಎದೆಹಾಲು, ಊಟ ನಿಲ್ಲಿಸಬೇಡ. ಆರೇಳು ಗಂಟೆ ಮೂತ್ರವಿಲ್ಲ, ಅಳುವಾಗ ಕಣ್ಣೀರಿಲ್ಲ, ರಕ್ತ ಬೀಳುತ್ತಿದೆ ಎಂದರೆ ಹೊರಡು.

ಡೈಪರ್ ಬಿಡಿಸುವುದನ್ನು ವರ್ಷದ ಮಧ್ಯಕ್ಕೆ ಇಟ್ಟುಕೋ. ಎರಡು ಗಂಟೆ ಒಣಗಿರುತ್ತಾಳೆ, ಮಾಡಿದ್ದನ್ನು ಹೇಳುತ್ತಾಳೆ, ಚಡ್ಡಿ ತಾನೇ ಎಳೆಯುತ್ತಾಳೆ ಎಂದಾದಾಗ ಸಿದ್ಧ. ಊಟವಾದ ಹತ್ತು ಹದಿನೈದು ನಿಮಿಷಕ್ಕೆ ಕರುಳು ತಾನೇ ಚುರುಕಾಗುತ್ತದೆ, ಆಗ ಐದು ನಿಮಿಷ ಕೂರಿಸು. ಕಾಲು ನೇತಾಡಬಾರದು, ಕೆಳಗೆ ಮಣೆ ಕೊಡು, ಮಂಡಿ ಸೊಂಟಕ್ಕಿಂತ ಮೇಲಿರಲಿ. ಕೆಲಸ ಕೆಡುವುದು ಮಲಬದ್ಧತೆಯಿಂದ: ಒಮ್ಮೆ ನೋವಾದರೆ ಮಗು ತಡೆಹಿಡಿಯುತ್ತದೆ, ತಡೆದಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ನೋವು. ಮೊದಲು ಅದನ್ನು ಸರಿಮಾಡಿ ಆಮೇಲೆ ತರಬೇತಿ. ರಾತ್ರಿಯದು ಬೇರೆಯೇ ಲೆಕ್ಕ, ಅದು ಕಲಿಕೆಯಲ್ಲ, ದೇಹ ಮಾಗುವುದು. ಐದು ವರ್ಷಕ್ಕೂ ನೂರರಲ್ಲಿ ಹದಿನೈದು ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ.

ಹಲ್ಲಿಗೆ ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್, ಆಮೇಲೆ ಬಟಾಣಿಯಷ್ಟು. ಏಳೆಂಟು ವರ್ಷದವರೆಗೆ ನೀನೇ ಉಜ್ಜಬೇಕು. ಚಪ್ಪಲಿ, ಬೂಟು ಎರಡು ಮೂರು ತಿಂಗಳಿಗೊಮ್ಮೆ ನೋಡು, ಮುಂದೆ ಒಂದು ಸೆಂಟಿಮೀಟರ್ ಜಾಗ ಇರಲಿ. ಪರದೆಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡರೊಳಗೆ ಬೇಡ, ಎರಡರಿಂದ ನಾಲ್ಕಕ್ಕೆ ದಿನಕ್ಕೆ ಒಂದು ಗಂಟೆಯೊಳಗೆ. ಆ ಒಂದು ಗಂಟೆಯನ್ನು ಊಟದ ಮುಂದೆಯೂ ನಿದ್ದೆಯ ಮುಂದೆಯೂ ಖರ್ಚು ಮಾಡಬೇಡ ಎನ್ನುವುದು ನನ್ನ ಸೇರ್ಪಡೆ.

ಹಠದ ಬಗ್ಗೆ ಒಂದೇ ಸಂಗತಿ. ಅದು ಶುರುವಾಗುವುದು ಹೆಚ್ಚಾಗಿ ಒಂದು ಕೆಲಸದಿಂದ ಇನ್ನೊಂದಕ್ಕೆ ದಾಟುವಾಗ: ಆಟದಿಂದ ಸ್ನಾನಕ್ಕೆ, ಹೊರಗಿನಿಂದ ಒಳಗೆ. ‘ಇನ್ನೈದು ನಿಮಿಷ’ ಎನ್ನುವುದು ಎರಡೂವರೆಗೆ ಅರ್ಥವಾಗದ ಭಾಷೆ. ‘ಇನ್ನು ಎರಡು ಸಲ ಜಾರು, ಆಮೇಲೆ ಮನೆ’ ಅರ್ಥವಾಗುತ್ತದೆ. ‘ಸ್ನಾನ ಮಾಡ್ತೀಯಾ?’ ಎಂದು ಕೇಳಿದರೆ ‘ಇಲ್ಲ’ ಎನ್ನುವ ಹಕ್ಕು ಕೊಟ್ಟ ಹಾಗೆ; ‘ಕೆಂಪು ಮಗ್ಗಾ ನೀಲಿಯದಾ?’ ಅನ್ನು. ರಂಪ ಶುರುವಾದ ಮೇಲೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಕಿವಿ ಮುಚ್ಚಿರುತ್ತದೆ. ಪೆಟ್ಟಾಗದಂತೆ ಪಕ್ಕದಲ್ಲಿರು, ಮಾತು ಕಡಿಮೆ ಮಾಡು, ಹೆಚ್ಚಿನವು ಐದು ನಿಮಿಷದೊಳಗೆ ಮುಗಿಯುತ್ತವೆ. ಮುಗಿದ ಮೇಲೆ ಕೇಳಿದ್ದನ್ನು ಕೊಡದಿದ್ದರೆ ಆಯಿತು.

ಮನೆಗೆಲಸದ ಹಂಚಿಕೆ ಪೂರ್ತಿ ಪೂರ್ತಿ ಇರಲಿ. ಲಸಿಕೆ ನಿನ್ನದು ಎಂದರೆ ದಿನಾಂಕ ನೆನಪಿಡುವುದು, ಕಾರ್ಡ್ ಹುಡುಕುವುದು, ಕರೆದೊಯ್ಯುವುದು, ಆ ರಾತ್ರಿಯ ಜ್ವರ ನೋಡುವುದು ಎಲ್ಲವೂ ನಿನ್ನದು. ‘ಏನಾದ್ರೂ ಸಹಾಯ ಮಾಡ್ಲಾ?’ ಎನ್ನುವವನಿಗೆ ಒಂದು ಕೆಲಸ, ಅದನ್ನು ಹೇಳಿಕೊಡಬೇಕಾದವಳಿಗೆ ಎರಡು.

ಈ ನಾಲ್ಕು ವಾರದಲ್ಲಿ ಒಂದು ದಿನ ಮಂಡಿಯೂರಿ ಮನೆಯೆಲ್ಲ ಸುತ್ತು, ಕಣ್ಣು ಅವರ ಎತ್ತರಕ್ಕೆ ಬರಲಿ. ಅಲಮಾರು, ಟಿವಿ ಗೋಡೆಗೆ ಬಿಗಿದಿರಲಿ. ತೆರೆದ ಸೆಳೆಖಾನೆ ಪುಟ್ಟಿಗೆ ಮೆಟ್ಟಿಲು. ಬಕೆಟ್ಟಿನಲ್ಲಿ ನೀರು ಉಳಿಯದಿರಲಿ, ಕೂಸು ಮುಳುಗಲು ಐದು ಸೆಂಟಿಮೀಟರ್ ಸಾಕು, ಸದ್ದೂ ಬರುವುದಿಲ್ಲ. ರಿಮೋಟ್, ಬೊಂಬೆ, ತೂಕದ ಯಂತ್ರ, ಹಾಡುವ ಶುಭಾಶಯ ಪತ್ರ, ಇವುಗಳಲ್ಲಿರುವ ಬಿಲ್ಲೆಯಂಥ ಬ್ಯಾಟರಿ ಎಲ್ಲಕ್ಕಿಂತ ಕೆಟ್ಟದ್ದು. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಡುತ್ತದೆ. ನುಂಗಿರಬಹುದು ಎಂಬ ಅನುಮಾನ ಬಂದರೂ ಎಕ್ಸ್-ರೇ ಇರುವ ಆಸ್ಪತ್ರೆಗೆ ನೇರ ಹೋಗಬೇಕು, ವಾಂತಿ ಮಾಡಿಸಬಾರದು. ಸ್ಕ್ರೂ ಇಲ್ಲದ ಮುಚ್ಚಳದ ಸಾಮಾನೆಲ್ಲ ಈ ವಾರವೇ ಮೇಲಕ್ಕೆ ಹೋಗಲಿ, ಹಳೇ ಬ್ಯಾಟರಿಗೆ ಎರಡೂ ಕಡೆ ಟೇಪ್ ಸುತ್ತಿ ಆಚೆ ಕಳಿಸು.

ಕೂಸು ಬಂದ ಮೇಲೆ ಎರಡಕ್ಷರ ಬರೆ. ಉದ್ದ ಪತ್ರ ಬೇಡ, ಆ ಹೊತ್ತಿನಲ್ಲಿ ಮಲಗಿಕೋ.

ನಿನ್ನ ಗೆಳೆಯ